ಕಂಡಕ್ಟರಿಗೆ ರಜೆ

ಕಂಡಕ್ಟರ್ ರಜೆ ಹಾಕಿದ್ದ. ಅವನ ಬಾಯಿ ಮಾತ್ರ ರಜೆ ಹಾಕಿರಲಿಲ್ಲ. ಮಹಾನಗರದಲ್ಲಿ ರೈಲಿಳಿದು ಇನ್ನೂ ಐದು ನಿಮಿಷವಾಗಿಲ್ಲ, ಆಗಲೇ ಸ್ಟೇಷನ್ನಿನ ಮೆಟ್ಟಿಲ ಮೇಲೆ ನಿಂತಿದ್ದ ಗುರುತು ಪರಿಚಯವಿಲ್ಲದ ಜನಕ್ಕೆಲ್ಲ "ದಾರಿ ಬಿಡಿ, ದಾರಿ ಬಿಡಿ, ಇಳಿಯೋರು ಮೊದಲು!" ಎಂದು ಗದರಿಬಿಟ್ಟ. ಆ ಜನವೋ, ಮರುಮಾತಿಲ್ಲದೆ ದಾರಿ ಬಿಟ್ಟರು. ಅವನ ಹೆಂಡತಿಗೆ ಮೈಯೆಲ್ಲ ಉರಿದದ್ದು ಅದಕ್ಕೇ.

"ರೀ, ಇವತ್ತು ನೀವು ಪ್ಯಾಸೆಂಜರ್. ತೆಪ್ಪಗೆ ಬನ್ನಿ."

"ನಾನೇನು ಮಾಡ್ದೆ ಈಗ?"

ಏನು ಮಾಡಿದ ಎಂದು ಹೇಳುತ್ತ ಕೂತರೆ ಇಪ್ಪತ್ತಾರು ವರ್ಷದ ಸಂಸಾರವನ್ನೆಲ್ಲ ಹೇಳಬೇಕಾಗುತ್ತಿತ್ತು. ಅವಳಿಗೆ ಅಷ್ಟು ಪುರುಸೊತ್ತಿರಲಿಲ್ಲ. ಅವಳು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ದಿನವಿಡೀ ಬಿಳಿ ಹಾಸು, ದಿಂಬಿನ ಚೀಲ, ಮುಖಕ್ಕೆ ರಾಚುವ ಆವಿ. ಆ ಬೇಗೆಯಲ್ಲಿ ಅವಳಿಗಿದ್ದ ಒಂದೇ ತಂಪು ಎಂದರೆ ಕಪಾಟಿನ ಮೇಲಿನ ರೇಡಿಯೋದಲ್ಲಿ ವಾರಕ್ಕೊಮ್ಮೆ ಬರುತ್ತಿದ್ದ ಒಬ್ಬಾಕೆಯ ಕೊಳಲು. ಆ ಅರ್ಧ ಗಂಟೆಯಲ್ಲಿ ಎಷ್ಟು ಹಾಸು ಸುಟ್ಟಳೋ, ಮೇಸ್ತ್ರಿಯಿಂದ ಎಷ್ಟು ಬೈಸಿಕೊಂಡಳೋ! ಈಗ ಆ ಕೊಳಲಿನಾಕೆ ಇದೇ ತನ್ನ ಕೊನೆಯ ಕಚೇರಿ, ಇನ್ನು ವೇದಿಕೆ ಹತ್ತುವುದಿಲ್ಲ ಎಂದು ಸಾರಿಬಿಟ್ಟಿದ್ದಳು. ಇವತ್ತು ತಪ್ಪಿದರೆ ಎದುರು ಕೂತು ಕೇಳುವುದು ಈ ಜನ್ಮಕ್ಕೆ ಇಲ್ಲ. ಗೋಪುರ, ವಸ್ತುಸಂಗ್ರಹಾಲಯ ಎಲ್ಲ ಸಂಜೆ ನಾಲ್ಕೂವರೆಯ ತನಕ ಹೊತ್ತು ಕಳೆಯುವುದಕ್ಕೆ, ಅಷ್ಟೆ.

ಕಚೇರಿಯ ಟಿಕೆಟ್ ತನ್ನ ಬ್ಯಾಗಿನಲ್ಲಿರಲಿ ಎಂದು ಅವಳು ಕೇಳಿದ್ದಳು. "ಟಿಕೆಟ್ ವಿಷಯ ನನಗೆ ಹೇಳಿಕೊಡ್ತೀಯಾ?" ಎಂದು ಅವನು ಮುಖ ಊದಿಸಿಕೊಂಡ. ತೆಳು ಕಾಗದದ ಎರಡು ತಿಳಿಗೆಂಪು ಚೀಟಿಗಳು ಅವನ ಅಂಗಿಯ ಜೇಬು ಸೇರಿದವು. ಅಲ್ಲಿಗೆ ಗ್ರಹಚಾರ ವಕ್ಕರಿಸಿತೆನ್ನಿ.

ಸಿಟಿ ಬಸ್ಸಿನಲ್ಲಿ ಉಸಿರಾಡಲೂ ಜಾಗವಿರಲಿಲ್ಲ. ಆ ಬಸ್ಸಿನ ಕಂಡಕ್ಟರ್ ಮಂಡಿನೋವಿನ ಹಿರಿಯ. ಹಿಂದಕ್ಕೆ ಬರಲಾರದೆ ಮುಂದೆಯೇ ಒರಗಿ ನಿಂತಿದ್ದ. ನಮ್ಮವನಿಗೆ ನೋಡಿ ಸುಮ್ಮನಿರಲಾಗುತ್ತದೆಯೇ? "ಹಿಂದಿನವರದ್ದು ನಾನು ನೋಡ್ಕೋತೀನಿ ಯಜಮಾನ್ರೇ, ನಮ್ಮಿಬ್ಬರದ್ದೂ ಸೇರಿ ಗೋಪುರಕ್ಕೆ ಎಂಟು ಹರೀರಿ!" ಎಂದು ಕೂಗಿದ. ಎಂಟು ಟಿಕೆಟ್ ಜನರ ತಲೆಯ ಮೇಲಿನಿಂದ ಅವನ ಕೈಗೆ ಬಂತು. ಬಸ್ಸು ಅಷ್ಟರಲ್ಲಿ ತಿರುವಿನಲ್ಲಿ ವಾಲಿತು. ಟಿಕೆಟ್ಟನ್ನು ಜೇಬಿಗೆ ತುರುಕಿ, ಕಂಬಿ ಹಿಡಿದು ಸಾವರಿಸಿಕೊಂಡು, ಮತ್ತೆ ಜೇಬಿನಿಂದ ಒಂದೊಂದೇ ಎಳೆದು ಹಂಚಿದ. ನೋಡದೆ ಹಂಚಿದ. ಕೆಲಸ ಬಲ್ಲ ಕಂಡಕ್ಟರ್ ಯಾವನೂ ಟಿಕೆಟ್ಟನ್ನು ನೋಡಿ ಕೊಡುವುದಿಲ್ಲ, ಬೆರಳೇ ಹೇಳುತ್ತದೆ. ಅವನ ಮುಖ ತವರಿಗೆ ಬಂದ ಮಗಳ ಮುಖದಂತೆ ಅರಳಿತ್ತು. ಬೈಯಬೇಕೆಂದಿದ್ದ ಹೆಂಡತಿ, ಹಾಳಾಗಿ ಹೋಗಲಿ ಎಂದು ಕಿಟಕಿಯ ಕಡೆ ತಿರುಗಿದಳು.

ಗೋಪುರದ ಲಿಫ್ಟಿನಲ್ಲಿ ಎಂಟು ಜನ ಎಂದು ಬರೆದಿತ್ತು. ಒಂಬತ್ತನೆಯವನಾಗಿ ನುಗ್ಗಿದ ಟೈ ಕಟ್ಟಿದ ದಪ್ಪ ಮನುಷ್ಯನನ್ನು ನಮ್ಮವನು ಎದೆಗೆ ಕೈಯೊಡ್ಡಿ ಇಳಿಸಿದ. "ಹಿಂದೆ ಇನ್ನೊಂದು ಬರುತ್ತೆ, ಅದರಲ್ಲಿ ಬನ್ನಿ." ಆಮೇಲೆ ತಿಳಿಯಿತು, ಆತ ಆ ಗೋಪುರದ ಮ್ಯಾನೇಜರ್.

ವಸ್ತುಸಂಗ್ರಹಾಲಯದಲ್ಲಿ ಒಂದು ದೊಡ್ಡ ಚಿತ್ರದ ಮುಂದೆ ಜನ ಗುಂಪುಗಟ್ಟಿತ್ತು. "ನೋಡಿದ್ದಾಯ್ತಲ್ಲ, ಮುಂದೆ ಹೋಗಿ, ಒಳಗಡೆ ಬೇಕಾದಷ್ಟು ಜಾಗ ಇದೆ!" ಎಂದ. ಎರಡೇ ನಿಮಿಷದಲ್ಲಿ ಕೋಣೆ ಖಾಲಿ. ಹೆಂಡತಿ ಒಬ್ಬಳೇ ಆ ಚಿತ್ರದ ಮುಂದೆ ಕಾಲು ಗಂಟೆ ಆರಾಮಾಗಿ ನಿಂತಳು. ಖುಷಿಯಾಯಿತು ಎಂದು ಒಪ್ಪಿಕೊಂಡರೆ ಇವನನ್ನು ಹಿಡಿಯುವವರಿರುವುದಿಲ್ಲ ಎಂದು ಬಾಯಿ ಬಿಡಲಿಲ್ಲ.

ನಾಲ್ಕು ಗಂಟೆಗೆ ಸಭಾಂಗಣದ ಮುಂದೆ ನಿಂತು ಅವನು ಜೇಬಿಗೆ ಕೈ ಹಾಕಿದ. ನಾಲ್ಕು ತಿಳಿಗೆಂಪು ಚೀಟಿ ಬಂದವು. ಅವಳು ಇಸಿದುಕೊಂಡು ಓದಿದಳು. ರೈಲು ನಿಲ್ದಾಣದಿಂದ ಗೋಪುರಕ್ಕೆ, ಒಬ್ಬರಿಗೆ. ಉಳಿದ ಮೂರರಲ್ಲೂ ಅದೇ.

"ರೀ... ಇದು ಬಸ್ ಟಿಕೆಟ್ಟು."

ಅವನು ಎಲ್ಲ ಜೇಬುಗಳನ್ನೂ ತಡಕಿದ. ಆಮೇಲೆ ಅವನ ಕೈ ನಿಂತುಹೋಯಿತು. ಕಚೇರಿಯ ಟಿಕೆಟ್ ಹಿಡಿದು ಯಾರೋ ಇಬ್ಬರು ಪುಣ್ಯಾತ್ಮರು ಬೆಳಗ್ಗೆಯೇ ಬಸ್ಸಿಳಿದು ಹೋಗಿದ್ದರು.

"ಹಂಚಿಬಿಟ್ರಾ? ನನ್ನ ಟಿಕೆಟ್ಟನ್ನ ಹಂಚಿಬಿಟ್ರಾ?" ಅವಳಿಗೆ ಅಳಬೇಕೆನಿಸಿತು, ಅವನ ಕುತ್ತಿಗೆ ಹಿಸುಕಬೇಕೆಂದೂ ಅನಿಸಿತು, ಎರಡೂ ಒಟ್ಟಿಗೇ. "ನಿಮ್ಮ ಕೈಗಿಷ್ಟು ಬೆಂಕಿ ಹಾಕ! ಒಂದೇ ಒಂದು ದಿನ ಸುಮ್ಮನಿರೋಕೆ ಆಗ್ಲಿಲ್ವಾ ನಿಮಗೆ?"

ಟಿಕೆಟ್ ಕಿಂಡಿಗೆ 'ಭರ್ತಿಯಾಗಿದೆ' ಎಂದು ಬೋರ್ಡು ನೇತುಹಾಕಿದ್ದರು. ಕಂಡಕ್ಟರ್ ಪೆಚ್ಚಾಗಿ ಬಾಗಿಲ ಕಡೆ ನೋಡುತ್ತ ನಿಂತ. ಅಲ್ಲಿ ಎರಡು ಬಾಗಿಲಲ್ಲಿ ಒಂದರ ಚಿಲಕ ಕಚ್ಚಿಕೊಂಡು ತೆರೆಯುತ್ತಿರಲಿಲ್ಲ. ಇನ್ನೊಂದರಲ್ಲಿ ಒಬ್ಬನೇ ಕಾವಲಿನವನು, ಅವನ ಮೇಲೆ ಬೀಳುತ್ತಿದ್ದ ಮುನ್ನೂರು ಜನ. ಯಾರದೋ ಕನ್ನಡಕ ಬಿತ್ತು, ಯಾರೋ ಕಿರುಚಿದರು.

ಅಷ್ಟು ಸಾಕಾಯಿತು. "ಲೈನು! ಲೈನಲ್ಲಿ ಬನ್ನಿ! ಟಿಕೆಟ್ ಮೊದಲೇ ಕೈಯಲ್ಲಿ ಹಿಡ್ಕೊಳ್ಳಿ, ಬಾಗಿಲಿಗೆ ಬಂದು ಹುಡುಕಬೇಡಿ!" ಎನ್ನುತ್ತ ನಮ್ಮವನು ನುಗ್ಗಿಯೇಬಿಟ್ಟ. ಟಿಕೆಟ್ ಕಳೆದವನ ಬಾಯಲ್ಲಿ ಎಂಥ ಉಪದೇಶ! ಆದರೂ ಲೈನಾಯಿತು. ಆಫೀಸಿನವರೇ ಯಾರನ್ನೋ ಕಳಿಸಿದ್ದಾರೆಂದು ತಿಳಿದ ಕಾವಲಿನವನು "ಸದ್ಯ, ಬಂದ್ರಲ್ಲ" ಎಂದು ಅರ್ಧ ಬಾಗಿಲು ಬಿಟ್ಟುಕೊಟ್ಟ. ಕಂಡಕ್ಟರ್ ಚಕಚಕನೆ ಟಿಕೆಟ್ ಹರಿದು ಒಬ್ಬೊಬ್ಬರನ್ನೇ ಒಳಗೆ ಬಿಡತೊಡಗಿದ.

ಬೇರೇನೂ ತೋಚದೆ ಅವಳೂ ಹೋಗಿ ಸಾಲಿನಲ್ಲಿ ನಿಂತಳು. ಆಸೆಯೇನೂ ಇರಲಿಲ್ಲ. ಈ ಮನುಷ್ಯ ಟಿಕೆಟ್ ಇಲ್ಲದ ಒಂದು ನರಪಿಳ್ಳೆಯನ್ನೂ ಬಿಟ್ಟವನಲ್ಲ. ಒಮ್ಮೆ ಪರ್ಸ್ ಮರೆತು ಅವನದೇ ಬಸ್ಸು ಹತ್ತಿದ್ದಳು. ಕಟ್ಟಿಕೊಂಡ ಹೆಂಡತಿ ಎಂದೂ ನೋಡದೆ ಮುಂದಿನ ಸ್ಟಾಪಿನಲ್ಲಿ ಇಳಿಸಿದ್ದ. ರಾತ್ರಿ ಮನೆಗೆ ಬಂದು ಬಿಸಿನೀರು ಕಾಯಿಸಿ ಅವಳ ಕಾಲು ಒತ್ತಿದ, ಅದು ಬೇರೆ ಮಾತು. ಇಳಿಸಿದ್ದಂತೂ ಇಳಿಸಿದ್ದೇ.

ಅವಳ ಸರದಿ ಬಂತು. "ಟಿಕೆಟ್?" ಎಂದ, ಕೈ ಮುಂದೆ ಚಾಚಿ. ಅವಳು ಬರಿಗೈ ತೋರಿಸಿದಳು. ಅವನು ತಲೆಯೆತ್ತಿ ನೋಡಿದ. ಪಕ್ಕದ ಕಾವಲಿನವನೂ ನೋಡಿದ. ಹಿಂದಿನವರು ಗೊಣಗಿದರು. ಕಂಡಕ್ಟರನ ಕಿವಿ ಕೆಂಪಾಯಿತು. ಇನ್ನೇನು ಇಳಿಸುತ್ತಾನೆ ಎಂದುಕೊಂಡು ಅವಳು ಸೆರಗು ಬಿಗಿದಳು.

"ಸ್ಟಾಫು," ಎಂದ ಅವನು, ಕಾವಲಿನವನ ಕಡೆ ತಿರುಗಿ. "ಇಪ್ಪತ್ತಾರು ವರ್ಷ ಸರ್ವೀಸು. ಬಿಡಿ ಒಳಗೆ."

ಅವಳು ಅವನ ಮುಖವನ್ನೇ ನೋಡುತ್ತ ನಿಂತಳು. "ಮುಂದೆ ಹೋಗಮ್ಮಾ, ಬಾಗಿಲಲ್ಲಿ ನಿಲ್ಲಬೇಡ!" ಎಂದು ಅವನೇ ಗದರಬೇಕಾಯಿತು.

ಸಭಾಂಗಣದ ಹಿಂದಿನ ಗೋಡೆಗೆ ಒರಗಿ ಅವಳು ಕೇಳಿದಳು. ವೇದಿಕೆಯ ಮೇಲಿದ್ದಾಕೆ ಪುಟ್ಟ ಮುದುಕಿ, ಬೆನ್ನು ಬಾಗಿತ್ತು. ಉಸಿರು ಮಾತ್ರ ರೇಡಿಯೋದಲ್ಲಿ ಕೇಳಿದ್ದಕ್ಕಿಂತ ದೊಡ್ಡದಾಗಿತ್ತು. ಮೂರನೆಯ ಕೃತಿ ಶುರುವಾಗುವ ಹೊತ್ತಿಗೆ ಅವನು ಬೆವರು ಒರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ.

"ನಿಮ್ಮನ್ನ ಯಾರು ಬಿಟ್ರು?"

"ಕಂಡಕ್ಟರನ್ನ ಯಾರಾದ್ರೂ ಟಿಕೆಟ್ ಕೇಳ್ತಾರೇನೇ?"

ಅವಳು ಕಿಸಕ್ಕನೆ ನಕ್ಕಳು. ಆದರೂ ಬಿಡಲಿಲ್ಲ. "ನನಗೋಸ್ಕರ ಸುಳ್ಳು ಹೇಳಿದ್ರಲ್ಲಾ, ಅದೂ ನೀವು!"

"ಯಾವ ಸುಳ್ಳು?" ಅವನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಫಸ್ಟ್ ಬಸ್ಸು ನಾಲ್ಕೂಕಾಲಕ್ಕೆ ಹೊರಡುತ್ತೆ. ಅದಕ್ಕೂ ಮುಂಚೆ ಎದ್ದು, ನನ್ನನ್ನ ಎಬ್ಬಿಸಿ, ಯೂನಿಫಾರಂ ಇಸ್ತ್ರಿ ಮಾಡಿ, ಬುತ್ತಿ ಕಟ್ಟಿ ಕಳಿಸ್ತಾ ಇದ್ದಿದ್ದು ಯಾರು? ಒಂದು ದಿನ ಆದ್ರೂ ಆ ಬಸ್ಸನ್ನ ನಾನೊಬ್ನೇ ಬಿಟ್ಟಿದೀನಾ?"

ವಾಪಸ್ಸು ಹೋಗುವ ರೈಲಿಗೆಂದು ಅವಳು ಒಂದು ದೊಡ್ಡ ಜಗಳವನ್ನೇ ಜೋಡಿಸಿಟ್ಟುಕೊಂಡಿದ್ದಳು. ಅದು ಅಲ್ಲೇ ಹಾಳಾಗಿ ಹೋಯಿತು. ಬಿಕ್ಕಿದ ಸದ್ದಿಗೆ ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿ, "ಹೌದಮ್ಮಾ, ಎಂಥ ಕೊಳಲು!" ಎಂದು ತನ್ನ ಕರ್ಚೀಫು ಕೊಟ್ಟಳು.