ಕಾವು ಇಳಿಸಿ

ಫೋನು ಬಂದಾಗ, ವಾಚು ರಿಪೇರಿ ಅಂಗಡಿಯಲ್ಲಿ ಕೂತಿದ್ದ ವಾಚಿನವರ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿತ್ತು, ಚಿಮಟಿಗೆಯ ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಸ್ಕ್ರೂ ಇತ್ತು. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು "ಹೂಂ" ಅಂದರು. ಆಚೆ ಕಡೆ ಹೆಂಡತಿ. ಅಕ್ಕನ ಕಣ್ಣಿನ ಆಪರೇಷನ್‌ಗೆಂದು ಹೋಗಿ ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂತಿದ್ದಳು. ಆಪರೇಷನ್ ಚೆನ್ನಾಗಿ ಆಯಿತೆಂದೂ ಇನ್ನು ಮೂರು ದಿನಕ್ಕೆ ಬರುವೆನೆಂದೂ ಹೇಳಿ, ಗ್ಯಾಸ್ ಆಫ್ ಮಾಡಿದ್ದೀರಾ, ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ್ದೀರಾ ಎಂದು ಒಂದೊಂದಾಗಿ ವಿಚಾರಿಸಿದಳು. ಎಲ್ಲದಕ್ಕೂ ಇವರು ಹೂಂಗುಟ್ಟಿದರು.

"ಇವತ್ತು ಬಿಸಿಲು ಜಾಸ್ತಿ," ಅಂದಳು ಕೊನೆಗೆ. "ಮಧ್ಯಾಹ್ನ ಮನೆಗೆ ಹೋದ ತಕ್ಷಣ ಕಾವು ಇಳಿಸಿ. ಮರೀಬೇಡಿ."

"ಹೂಂ, ಇಳಿಸ್ತೀನಿ."

ಮೂವತ್ತೊಂದು ವರ್ಷದ ಸಂಸಾರದಲ್ಲಿ ಅವರು ಚೆನ್ನಾಗಿ ಕಲಿತ ವಿದ್ಯೆ ಎಂದರೆ ಈ ಹೂಂಗುಟ್ಟುವುದು. ಹೆಂಡತಿಗೆ ಹೇಳಿದ್ದನ್ನೇ ಎರಡು ಸಲ ಹೇಳಬೇಕೆಂದರೆ ಮೈಯುರಿ. ಏನಂದೆ ಎಂದು ಕೇಳಿದರೆ, ಗೋಡೆಗೆ ಹೇಳಿದೆ ಬಿಡಿ ಎನ್ನುವಳು. ಹಾಗಾಗಿ ಅರ್ಥವಾಗದ್ದಕ್ಕೂ ಹೂಂ ಎಂದು, ಆಮೇಲೆ ತಮಗೆ ತೋಚಿದಂತೆ ಮಾಡುವುದು ವಾಚಿನವರ ಪದ್ಧತಿ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿಯೇ ಇರುತ್ತಿತ್ತು.

ಎಡವಟ್ಟೇನೆಂದರೆ, ಹಿತ್ತಲಿನಲ್ಲಿ ಆಗ ಎರಡು ಕಾವುಗಳಿದ್ದವು. ಒಂದು, ಹಳೇ ಟ್ರಂಕಿನೊಳಗೆ ಬಿಟ್ಟಿದ್ದ ಹನ್ನೊಂದು ಸಿಲ್ಕಿ ಕೋಳಿಮರಿಗಳ ಮೇಲೆ ಸರಪಳಿಯಿಂದ ತೂಗುಹಾಕಿದ್ದ ಬಲ್ಬಿನದು. ಸೆಕೆ ಹೆಚ್ಚಾದರೆ ಆ ಸರಪಳಿಯನ್ನು ಎರಡು ಕೊಂಡಿ ಮೇಲಕ್ಕೆ ಸಿಕ್ಕಿಸಬೇಕು. ಹೆಂಡತಿ ಇದನ್ನು ಕಾವು ಇಳಿಸುವುದು ಎನ್ನುತ್ತಿದ್ದಳು. ವಾಚಿನವರ ಮಟ್ಟಿಗೆ ಅದು ಬಲ್ಬು ಏರಿಸುವುದು. ಇನ್ನೊಂದು ಕಾವು, ಮೂಲೆಯ ಬುಟ್ಟಿಯಲ್ಲಿ ಒಂಬತ್ತು ಮೊಟ್ಟೆಗಳ ಮೇಲೆ ಹದಿನೇಳು ದಿನದಿಂದ ಕೂತಿದ್ದ ಅತ್ತೆಮ್ಮನದು.

ಅತ್ತೆಮ್ಮ ಎಂದರೆ ಕೋಳಿ. ಹತ್ತಿರ ಯಾರು ಸುಳಿದರೂ ಗೊಣಗುತ್ತಾಳೆಂದು ಬೀದಿಯವರು ಇಟ್ಟ ಹೆಸರು. ಸಿಲ್ಕಿ ಜಾತಿಗೆ ರೆಕ್ಕೆಪುಕ್ಕವಿದ್ದರೂ ಅದು ಪುಕ್ಕದಂತಿರುವುದಿಲ್ಲ, ಹಿಂಜಿದ ಹತ್ತಿಯಂತಿರುತ್ತದೆ. ಕಾಲಿಗೆ ಐದು ಬೆರಳು, ಒಳಗಿನ ಚರ್ಮ, ಮಾಂಸ ಎಲ್ಲ ಕಪ್ಪು. ಇವಕ್ಕೆ ಕಾವಿಗೆ ಕೂರುವ ಹುಚ್ಚು ವಿಪರೀತ. ಹೋದ ವರ್ಷ ಅತ್ತೆಮ್ಮ ಮೊಟ್ಟೆಯೇ ಇಲ್ಲದ ಬರೀ ಬುಟ್ಟಿಯಲ್ಲಿ ಕೂತು, ಮೇವು ನೀರು ಬಿಟ್ಟು ಸೊರಗಿದ್ದಳು. ಆಗ ಗಂಡ ಹೆಂಡತಿ ಸೇರಿ ಅವಳ ಹೊಟ್ಟೆಯನ್ನು ತಣ್ಣೀರಿಗೆ ಅದ್ದಿ, ತಂತಿ ತಳದ ಪಂಜರದಲ್ಲಿ ಮೂರು ದಿನ ಕೂಡಿಹಾಕಿದ್ದರು. ಕಾವು ಇಳಿಸೋದು ಅಂದರೆ ಇದೇ ನೋಡಿ ಎಂದು ಹೆಂಡತಿಯೇ ಹೇಳಿಕೊಟ್ಟಿದ್ದಳು. ವಾಚಿನವರು ಒಮ್ಮೆ ಕಲಿತದ್ದನ್ನು ಮರೆಯುವ ಆಸಾಮಿಯಲ್ಲ.

ಮಧ್ಯಾಹ್ನ ಅಂಗಡಿಯ ಶಟರ್ ಎಳೆದು ಮನೆಗೆ ಬಂದವರು, ಚಪ್ಪಲಿ ಬಿಟ್ಟು ಸೀದಾ ಹಿತ್ತಲಿಗೆ ಹೋದರು. ಮೊಟ್ಟೆ ಇರುವಾಗ ಯಾಕೆ ಇಳಿಸಬೇಕು ಎಂಬ ಅನುಮಾನ ಒಂದು ಕ್ಷಣ ಬಾರದೇ ಇರಲಿಲ್ಲ. ಮೊಟ್ಟೆ ಗೊಡ್ಡಾಗಿದ್ದಾವು, ಅವಳಿಗೆ ಗೊತ್ತಿರುತ್ತದೆ ಎಂದು ಅವರೇ ಸಮಾಧಾನ ಹೇಳಿಕೊಂಡರು. ಫೋನು ಜೇಬಿನಲ್ಲೇ ಇತ್ತು. ಕೇಳಬಹುದಿತ್ತು. ಕೇಳಲಿಲ್ಲ.

ಎತ್ತುವಾಗ ಅತ್ತೆಮ್ಮ ಅವರ ಮಣಿಕಟ್ಟಿಗೆ ಕುಕ್ಕಿದಳು. ಅವಳ ಹೊಟ್ಟೆ ಇಸ್ತ್ರಿ ಪೆಟ್ಟಿಗೆ ಇಟ್ಟು ತೆಗೆದ ಬಟ್ಟೆಯ ಹಾಗೆ ಬಿಸಿಯಾಗಿತ್ತು. ಬಕೆಟ್ಟಿಗೆ ಅದ್ದಿದಾಗ ಹತ್ತಿಯೆಲ್ಲ ನೀರು ಕುಡಿದು ಮೈಗೆ ಅಂಟಿಕೊಂಡಿತು, ಇಷ್ಟು ದೊಡ್ಡವಳು ಒಂದು ಹಿಡಿಯಷ್ಟಾದಳು. ಪಾಪ ಅನ್ನಿಸಿ ತಮ್ಮ ಟವೆಲ್ಲಿನಲ್ಲೇ ಒರೆಸಿ ಪಂಜರಕ್ಕೆ ಬಿಟ್ಟರು. ಮೊಟ್ಟೆಗಳನ್ನು ಏನು ಮಾಡುವುದು? ಮೊಟ್ಟೆ ಇಡುವ ಜಾಗ ಫ್ರಿಜ್ಜು. ಬಾಗಿಲಿನ ಗುಳಿಗಳು ಎಂಟೇ ಇದ್ದದ್ದರಿಂದ ಒಂಬತ್ತನೆಯದನ್ನು ಒಳಗೆ ಹಿಂಬದಿಯಲ್ಲಿದ್ದ ಸ್ಟೀಲ್ ಬಟ್ಟಲಿನಲ್ಲಿಟ್ಟರು. ಟೈಲರ್ ಕೆಲಸದವಳಾದ ಹೆಂಡತಿಗೆ ಎಲ್ಲಕ್ಕೂ ಗುರುತು ಹಾಕುವ ಚಟ. ಮೊಟ್ಟೆಗಳ ಮೇಲೂ ಪೆನ್ಸಿಲಿನಲ್ಲಿ ಒಂದರಿಂದ ಒಂಬತ್ತರವರೆಗೆ ಬರೆದಿದ್ದಳು. ವಾಚಿನವರು ಅವನ್ನು ಸಾಲಾಗಿ ಜೋಡಿಸಿ, ಕೈ ತೊಳೆದು ಊಟಕ್ಕೆ ಕೂತರು.

ಸಂಜೆ ಆರಕ್ಕೆ ಮತ್ತೆ ಫೋನು. ಮರಿಗಳು ಹೇಗಿವೆ, ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿಲ್ಲ ತಾನೆ, ಸರಪಳಿ ಎಷ್ಟು ಕೊಂಡಿ ಮೇಲೆ ಹಾಕಿದಿರಿ ಎಂದಳು. ಅವಳು ಹೇಳಿದ ಕಾವು ಯಾವುದೆಂದು ವಾಚಿನವರಿಗೆ ಆಗ ಹೊಳೆಯಿತು. ಎರಡು ಕೊಂಡಿ ಎಂದು ಹೇಳಿ ಫೋನಿಟ್ಟವರು, ಅಂಗಡಿ ಹಾಗೇ ಬಿಟ್ಟು ಓಡಿದರು. ಟ್ರಂಕಿನಲ್ಲಿ ಮರಿಗಳು ಬಲ್ಬಿನಿಂದ ದೂರ ಮೂಲೆಗಳಿಗೆ ಒತ್ತಿಕೊಂಡಿದ್ದವು. ಎರಡು ಮರಿ ಕಾಲು ಚಾಚಿ ಮಲಗಿದ್ದವು. ಬಲ್ಬು ಏರಿಸಿದರು. ಫ್ರಿಜ್ಜಿನ ಬಾಗಿಲಿನಿಂದ ಮೊಟ್ಟೆಗಳನ್ನು ಬಾಚಿ ಉಡಿಗೆ ತುಂಬಿಕೊಂಡರು. ಹೊರಗೆ ಬರುವಷ್ಟರಲ್ಲಿ ಅವುಗಳ ಮೈಯೆಲ್ಲ ಬೆವೆತಿತ್ತು. ಒಂದೊಂದನ್ನೂ ಅಂಗಿಯ ಅಂಚಿನಿಂದ ಒರೆಸಿ ಬುಟ್ಟಿಗಿಟ್ಟು ಪಂಜರದ ಬಾಗಿಲು ತೆಗೆದರು. ಅತ್ತೆಮ್ಮ ಇವರ ಕಡೆ ನೋಡಲೂ ಇಲ್ಲ. ಮೈಯಿನ್ನೂ ಅರೆಬರೆ ಒದ್ದೆ. ಸೀದಾ ಹೋಗಿ ಆ ತಣ್ಣನೆಯ ಮೊಟ್ಟೆಗಳ ಮೇಲೆ ಕೂತು, ಕೊಕ್ಕಿನಿಂದ ಒಂದನ್ನು ಹೊಟ್ಟೆಯಡಿಗೆ ಎಳೆದುಕೊಂಡಳು. ವಾಚಿನವರಿಗೆ ಅಳು ಬಂದಂತಾಯಿತು.

ಹೆಂಡತಿ ಬಂದ ದಿನ ಬ್ಯಾಗು ಇಳಿಸುವ ಮೊದಲೇ ಮರಿಗಳನ್ನು ನೋಡಿದಳು. ಒಂದು ಆಗಲೇ ಸತ್ತಿತ್ತು, ಇನ್ನೊಂದರ ಕುತ್ತಿಗೆ ತಿರುಚಿಕೊಂಡು ತಲೆ ಬೆನ್ನಿನ ಮೇಲೆ ಬಿದ್ದಿತ್ತು. ಬಲ್ಬು ಏರಿಸುವುದು ತಡವಾಯಿತೆಂದು ವಾಚಿನವರು ಒಪ್ಪಿಕೊಂಡರು. ಅವಳು ಮನಸಾರೆ ಬೈದಳು. ಇವರು ತಲೆತಗ್ಗಿಸಿ ಬೈಸಿಕೊಂಡರು. ನಿಜ ಹೇಳಬೇಕೆಂದರೆ ಆ ಬೈಗುಳದಿಂದ ಅವರಿಗೆ ಹಾಯೆನಿಸಿತು. ಚಿಕ್ಕ ತಪ್ಪನ್ನು ಒಪ್ಪಿಕೊಂಡು ದೊಡ್ಡದನ್ನು ಅದರ ಬೆನ್ನ ಹಿಂದೆ ಕೂರಿಸಿಬಿಟ್ಟಿದ್ದರು.

ಕಾಯಿಲೆ ಮರಿಯನ್ನು ಅವಳು ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಇಟ್ಟುಕೊಂಡಳು. ಬೆರಳಿಗೆ ಹಾಕುವ ಅಂಗುಸ್ತಾನದಲ್ಲಿ ಸಕ್ಕರೆ ನೀರು ಹಿಡಿದು, ತಲೆಯನ್ನು ಎರಡು ಬೆರಳಲ್ಲಿ ನೆಟ್ಟಗೆ ನಿಲ್ಲಿಸಿ, ಗಂಟೆಗೊಮ್ಮೆ ಹನಿ ಹನಿ ಕುಡಿಸಿದಳು. ಗಿರಾಕಿಗಳ ಬ್ಲೌಸು ಹಾಗೇ ಉಳಿದವು. ನಾಲ್ಕನೇ ದಿನ ಮರಿ ತಾನಾಗಿ ತಲೆ ಎತ್ತಿತು. ಅಷ್ಟರಲ್ಲಿ ಅತ್ತೆಮ್ಮನ ಇಪ್ಪತ್ತೊಂದು ದಿನ ಮುಗಿದು, ಇಪ್ಪತ್ತೆರಡೂ ಕಳೆದು, ಇಪ್ಪತ್ತಮೂರಾಗಿತ್ತು. ಬುಟ್ಟಿಯಿಂದ ಚೀಂ ಅನ್ನುವ ಸದ್ದಿಲ್ಲ.

ಅವಳು ಒಂದು ಮೊಟ್ಟೆ ಒಡೆದಳು. ಒಳಗೆ ಪೂರ್ತಿ ರೂಪ ತಳೆದ ಮರಿ ಇತ್ತು, ಕಪ್ಪು ಚರ್ಮ, ಕಾಲಿಗೆ ಐದು ಬೆರಳು. ಎಷ್ಟೋ ಮರಿ ಎಬ್ಬಿಸಿದ ಕೈ ಅದು, ನೋಡಿದ ತಕ್ಷಣ ದಿನ ಹೇಳಿದಳು.

"ಹದಿನೇಳಕ್ಕೆ ಹೋಗಿದೆ. ತಣ್ಣಗಾಗಿ ಸತ್ತಿರೋದು ಇದು." ತಿರುಗಿ ನೋಡಿದಳು. "ನಾನಿಲ್ಲದಾಗ ಇವಳು ಎದ್ದು ಹೋಗಿದ್ಲಾ?"

ಹೇಳಲು ಒಂದೇ ವಾಕ್ಯ ಸಾಕಿತ್ತು. "ಎದ್ದಿದ್ಲೋ ಏನೋ," ಅಂದರು ವಾಚಿನವರು. "ನಾನು ಅಂಗಡೀಲಿದ್ದೆ."

ಅವಳು ಮೊಟ್ಟೆಗಳನ್ನು ಎಣಿಸಿದಳು. ಎಂಟೇ ಇದ್ದವು. ಒಂದನ್ನು ತಿಂದೂ ಇದ್ದಾಳೆ ಅಂದಳು. ವಾಚಿನವರು ಗೊಂದಲಕ್ಕೆ ಬಿದ್ದರು. ತಾವು ಎಲ್ಲವನ್ನೂ ವಾಪಸಿಟ್ಟಿದ್ದೇವೆಂಬ ನಂಬಿಕೆ ಅವರದು. ಹಾಗಾದರೆ ಅತ್ತೆಮ್ಮ ತಿಂದಿರಲೂಬಹುದು ಎಂದುಕೊಂಡರು. ಹಾಗೆಂದುಕೊಳ್ಳುವುದು ಸುಲಭವಾಗಿತ್ತು.

"ನಮ್ಮಮ್ಮನ ಥರದವಳೇ," ಎಂದು ಹೆಂಡತಿ ಬುಟ್ಟಿಯನ್ನು ಕಾಲಿನಿಂದ ಸರಿಸಿದಳು.

ಅವಳಿಗೆ ಏಳು ವರ್ಷವಿದ್ದಾಗ ಅವಳಮ್ಮ ಮನೆಬಿಟ್ಟು ಹೋದಳು. ಅಮ್ಮ ತಾನಾಗಿ ಹೋಗಲಿಲ್ಲ, ಸೋದರತ್ತೆ ಹೊರಹಾಕಿದ್ದು, ಆಮೇಲೆ ಒಮ್ಮೆ ವಾಪಸು ಬಂದಿದ್ದಳು ಕೂಡ ಎಂದು ಅಕ್ಕ ಎಷ್ಟೋ ಸಲ ಹೇಳಿದ್ದುಂಟು. ಇವಳು ಕಿವಿಗೆ ಹಾಕಿಕೊಂಡವಳಲ್ಲ. ಮಕ್ಕಳನ್ನು ಅರ್ಧಕ್ಕೆ ಬಿಟ್ಟು ಎದ್ದವರ ಸುದ್ದಿ ನನ್ನೆದುರು ಬೇಡ ಎನ್ನುತ್ತಿದ್ದಳು. ಆಸ್ಪತ್ರೆಯಲ್ಲೂ ಅದೇ ಮಾತಿಗೆ ಅಕ್ಕತಂಗಿಯರಿಗೆ ಮುನಿಸಾಗಿತ್ತಂತೆ. ವಾಚಿನವರಿಗೆ ಇದೆಲ್ಲ ಗೊತ್ತಿತ್ತು. ಗೊತ್ತಿದ್ದೇ ಸುಮ್ಮನಿದ್ದರು.

ಕೊಳಾಯಿ ರಿಪೇರಿಯವನು ತಿಂಗಳಿಂದ ದುಂಬಾಲು ಬಿದ್ದಿದ್ದ. ಅವನ ತಾಯಿ ಹಾಸಿಗೆ ಹಿಡಿದಿದ್ದಳು, ಕಪ್ಪು ಕೋಳಿಯ ಸೂಪು ಕೊಟ್ಟರೆ ಮೈಯಲ್ಲಿ ಶಕ್ತಿ ಬರುತ್ತದೆಂದು ಯಾರೋ ಹೇಳಿದ್ದರು. ಸಾಕಿದ ಕೈಯಲ್ಲಿ ಕೊಡಲಾರೆ ಎಂದು ಹೆಂಡತಿ ಪ್ರತಿ ಸಲವೂ ಸಾಗಹಾಕುತ್ತಿದ್ದಳು. ಆ ಸಂಜೆ ಅವಳೇ ಅವನಿಗೆ ಫೋನು ಮಾಡಿ, ನಾಳೆ ಬೆಳಗ್ಗೆ ಬಂದು ಅತ್ತೆಮ್ಮನನ್ನು ಒಯ್ಯಲು ಹೇಳಿದಳು.

"ಅವಳದೇನೂ ತಪ್ಪಿಲ್ಲ, ಬಿಡು," ಅಂದರು ವಾಚಿನವರು.

"ಮತ್ತೆ ಯಾರದು?"

ಅವರು ಕೈಗಡಿಯಾರಕ್ಕೆ ಕೀಲಿ ಕೊಡತೊಡಗಿದರು. ಅದು ಆಗಲೇ ತುಂಬಿತ್ತು, ತಿರುಗಲಿಲ್ಲ.

ಬೆಳಗ್ಗೆ ಕೊಳಾಯಿಯವನು ಬಂದಾಗ ಅತ್ತೆಮ್ಮ ಖಾಲಿ ಬುಟ್ಟಿಯಲ್ಲಿ ಕೂತಿದ್ದಳು. ಹಿತ್ತಲಿಗೆ ಹೋಗಿ ಎತ್ತಿ ತರುವ ಕೆಲಸ ವಾಚಿನವರ ಪಾಲಿಗೆ ಬಂತು. ಈ ಸಲ ಅವಳು ಕುಕ್ಕಲಿಲ್ಲ. ಬಿಸಿ ಹೊಟ್ಟೆ ಅವರ ಅಂಗೈಯಲ್ಲಿತ್ತು. ಬಾಗಿಲವರೆಗಿನ ಹತ್ತು ಹೆಜ್ಜೆಯಲ್ಲೂ ಹೇಳಿಬಿಡಬೇಕು, ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಇದ್ದರು. ಕೊಳಾಯಿಯವನು ಚೀಲದ ಬಾಯಿ ಅಗಲಿಸಿ ಹಿಡಿದಿದ್ದ. ಸ್ಕೂಟರು ಬೀದಿ ತಿರುಗುವವರೆಗೂ ಅತ್ತೆಮ್ಮನ ಗೊಣಗು ಕೇಳುತ್ತಿತ್ತು.

ಅಂದು ಅಂಗಡಿಯಲ್ಲಿ ಅವರ ಕೈ ಓಡಲಿಲ್ಲ. ಮಧ್ಯಾಹ್ನ ಬಂದು ಊಟದ ಮೇಜಿಗೆ ಕೂತರು. ತಟ್ಟೆ ಇರಲಿಲ್ಲ. ಫ್ರಿಜ್ಜಿನ ಸಾಮಾನೆಲ್ಲ ನೆಲದ ಮೇಲಿತ್ತು, ಹೆಂಡತಿ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಅವಳು ಸ್ಟೀಲ್ ಬಟ್ಟಲನ್ನು ತಂದು ಅವರ ಮುಂದಿಟ್ಟಳು. ಒಳಗಿದ್ದ ಮೊಟ್ಟೆಯ ಮೇಲೆ ಅವಳದೇ ಅಕ್ಷರದಲ್ಲಿ ಒಂಬತ್ತು ಎಂದಿತ್ತು.

ವಾಚಿನವರು ಎಲ್ಲ ಹೇಳಿದರು. ಫೋನು, ಬಕೆಟ್ಟು, ಪಂಜರ, ಫ್ರಿಜ್ಜು. "ಕಾವು ಇಳಿಸಿ ಅಂದೆಯಲ್ಲ," ಎಂದು ಒಮ್ಮೆ ಅಂದರು, ಅಂದದ್ದಕ್ಕೆ ನಾಚಿದರು. ಅವಳು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅವನಿಗೆ ಫೋನ್ ಮಾಡಿ," ಅಂದಳು.

ಮಾಡಿದರು. ಕೊಳಾಯಿಯವನು ಇವರಿಗೆ ಬಾಯಿ ಬಿಡಲು ಆಸ್ಪದ ಕೊಡದೆ, ನಿಮ್ಮಿಂದ ಬಹಳ ಉಪಕಾರವಾಯಿತು, ಅಮ್ಮ ಎರಡು ಲೋಟ ಸೂಪು ಕುಡಿದು ಎಷ್ಟೋ ದಿನದ ಮೇಲೆ ಎದ್ದು ಕೂತಿದ್ದಾಳೆ ಎಂದ. ವಾಚಿನವರು ಹೂಂ ಅಂದರು. ಫೋನಿನ ಮಾತು ಅವಳಿಗೂ ಕೇಳಿಸಿತ್ತು.

ಅವಳು ಎದುರಿನ ಕುರ್ಚಿ ಎಳೆದು ಕೂತಳು.

"ವಾಪಸ್ ಬಿಟ್ಟಾಗ ಕೂತಳಾ?" ಎಂದು ಕೇಳಿದಳು. "ತಣ್ಣಗಿದ್ವಲ್ಲ?"

"ತಕ್ಷಣ ಕೂತಳು. ಮೈ ಕೂಡ ಒಣಗಿರಲಿಲ್ಲ."

ಅವಳು ಫೋನನ್ನು ತನ್ನ ಕಡೆಗೆ ಎಳೆದುಕೊಂಡು ಅಕ್ಕನ ನಂಬರು ಹುಡುಕಿದಳು, ಒತ್ತದೆ ಹಾಗೇ ಹಿಡಿದುಕೊಂಡಳು. ಒಳಗಿನ ಕೋಣೆಯಲ್ಲಿ ಕುತ್ತಿಗೆ ನೆಟ್ಟಗಾದ ಮರಿ ಮೆಷಿನ್ನಿನ ಅಡಿಯಲ್ಲಿ ಚೀಂಗುಡುತ್ತ ಓಡಾಡುತ್ತಿತ್ತು. ಮೇಜಿನ ಮೇಲೆ, ಇಬ್ಬರ ನಡುವೆ, ಒಂಬತ್ತನೇ ಮೊಟ್ಟೆಯ ಮೈಮೇಲೆ ಸಣ್ಣಗೆ ಬೆವರು ಮೂಡಿತು.