ಪಂಪು ಉಸಿರು ಬಿಡುವ ಕಡೆ

"ನಿನ್ನ ಅಭಿಪ್ರಾಯ ಯಾವ ಮುಂಡೇದು ಕೇಳ್ತು ಇಲ್ಲಿ? ಸೈನ್ ಹಾಕು ಅಂದ್ರೆ ಹಾಕು. ಕುರ್ಚಿ ಮುಟ್ಟಬೇಡ, ಕಲೆ ಆಗುತ್ತೆ."

ಖರೀದಿ ಸಾಹೇಬ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡೇ ಪೆನ್ನಿನ ತುದಿಯಿಂದ ಕಾಗದವನ್ನು ಮೇಜಿನ ಆಚೆ ಅಂಚಿಗೆ ತಳ್ಳಿದ. ಆಚೆ ನಿಂತಿದ್ದವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಪಂಪಕ್ಕ ಎನ್ನುತ್ತಿದ್ದರು. ಉಕ್ಕಿನ ತಂತಿಯ ತುಕ್ಕು ತೊಳೆಯುವ ಆಸಿಡ್ ಶೆಡ್ಡಿನಲ್ಲಿ ಪಂಪು ನಡೆಸುವುದು ಅವಳ ಕೆಲಸ. ಮೊದಲು ಗಂಡ ನಡೆಸುತ್ತಿದ್ದ. ಎರಡು ವರ್ಷದ ಹಿಂದೆ ಅವನ ಕಣ್ಣು ಹೋದ ಮೇಲೆ ಆ ಜಾಗ ಅವಳಿಗೆ ಬಂತು.

ಮೇಜಿನ ಪಕ್ಕದಲ್ಲಿ ಹೊಸ ಪಂಪು ಕೂತಿತ್ತು. ಮಾರುವವನು ಬೆಳಿಗ್ಗೆಯೇ ಬಂದು ಅಂಗಳದಲ್ಲಿ ಬಕೆಟ್ಟಿನಿಂದ ಬಕೆಟ್ಟಿಗೆ ನೀರು ಎತ್ತಿ ತೋರಿಸಿ, ಎಲ್ಲರ ಕೈ ಕುಲುಕಿ ಹೋಗಿದ್ದ. ಅವಳ ಕೈ ಮಾತ್ರ ಬಿಟ್ಟು.

"ಸಾರ್, ನೀರು ಯಾವ ಪಂಪಾದ್ರೂ ಎತ್ತುತ್ತೆ. ಇದ್ರೊಳಗಿನ ಪೊರೆ ಕರಿ ರಬ್ಬರ್‌ದು. ನಮ್ಮ ಆಸಿಡ್‌ಗೆ ತಡೆಯಲ್ಲ. ಬಿಳಿ ಪೊರೇದು ಬೇಕು, ಟೆಫ್ಲಾನ್‌ದು."

"ಓಹೋ, ಟೆಫ್ಲಾನು! ಎಲ್ಲಿ ಕಲಿತೆ? ದೋಸೆ ಕಾವಲಿ ಕೊಳ್ಳುವಾಗಲಾ?"

ಮೂಲೆಯಲ್ಲಿ ಫೈಲು ಜೋಡಿಸುತ್ತಿದ್ದ ಗುಮಾಸ್ತ ಕಿಸಕ್ಕೆಂದ. ಪಂಪಕ್ಕ ಏಪ್ರನ್ನಿನ ಜೇಬಿನಿಂದ ಒಂದು ಬಾಟಲಿ ತೆಗೆದು ಕಾಗದದ ಮೇಲಿಟ್ಟಳು. ಶೆಡ್ಡಿನಲ್ಲಿ ಹಿಂದಿನಿಂದ ನಡೆದು ಬಂದ ರೂಢಿ ಅದು: ಯಾವ ಹೊಸ ರಬ್ಬರು ಬಂದರೂ ಒಂದು ಚೂರು ಕತ್ತರಿಸಿ, ತೊಟ್ಟಿಯ ಆಸಿಡ್ಡಿನಲ್ಲೇ ಮುಳುಗಿಸಿ, ಬಾಟಲಿಯನ್ನು ಕಿಟಕಿಯಲ್ಲಿ ಇಡುವುದು. ಮಾರುವವನು ಮೊದಲೇ ಕಳಿಸಿದ್ದ ಮಾದರಿ ಪೊರೆಯ ಚೂರು ಎಂಟು ದಿನದಲ್ಲಿ ಉಬ್ಬಿ, ಅಂಚು ಕರಗಿ, ಬಾಟಲಿಯ ತಳದಲ್ಲಿ ಕಪ್ಪು ಗಸಿಯಾಗಿ ಕೂತಿತ್ತು.

"ಏನಿದು? ಉಪ್ಪಿನಕಾಯಿ ಹಾಕಿದೀಯಾ? ಎತ್ತೇ ಅದನ್ನ!" ಸಾಹೇಬ ಕುರ್ಚಿಸಮೇತ ಹಿಂದೆ ಸರಿದ. "ಬಿಳಿ ಪೊರೇದಕ್ಕೆ ಎರಡೂವರೆ ಪಟ್ಟು ಬೆಲೆ. ನಿಮ್ಮಪ್ಪ ಕೊಡ್ತಾನಾ? ಹಳೇ ಪಂಪು ಕೆಟ್ಟು ಲೈನ್ ನಿಂತು ಎರಡು ದಿನ ಆಯ್ತು. ನಿನ್ನ ಸೈನ್ ಇಲ್ದೆ ಬಿಲ್ ಪಾಸಾಗಲ್ಲ ಅನ್ನೋದೊಂದೇ ನನ್ನ ಕರ್ಮ."

"ಮನೇಲಿ ಒಂದ್ಮಾತು ಕೇಳ್ಕೊಂಡು ಬರ್ತೀನಿ ಸಾರ್."

"ಕೇಳು, ಕೇಳು. ಗಂಡನ್ನೇ ಕೇಳು. ಅವನಿಗೆ ಎಲ್ಲ ಚೆನ್ನಾಗಿ ಕಾಣುತ್ತಲ್ಲ!"

ಗುಮಾಸ್ತ ಈ ಸಲ ನಗಲಿಲ್ಲ. ಫೈಲಿನೊಳಗೆ ತಲೆ ಹುದುಗಿಸಿದ. ಪಂಪಕ್ಕ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದಳು.

ಕ್ಯಾಂಟೀನಿನಲ್ಲಿ ಅವಳು ಕೂತ ಬೆಂಚು ಎಂದಿನಂತೆ ಖಾಲಿಯಾಯಿತು. ಆಸಿಡ್ ಶೆಡ್ಡಿನವರ ಬಟ್ಟೆಯಿಂದ ಬರುವ ವಾಸನೆ ಊಟದ ರುಚಿ ಕೆಡಿಸುತ್ತದೆ ಎಂದು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ತಟ್ಟೆ ಎತ್ತಿಕೊಂಡು ನೀರು ಕುಡಿಯಲು ಹೋದವರು ಹಾಗೇ ಬೇರೆ ಬೆಂಚಿಗೆ ಸೇರಿಬಿಡುತ್ತಿದ್ದರು. ಶೆಡ್ಡಿನಲ್ಲೂ ಅಷ್ಟೇ. ಪಾಳಿಗೆ ಇಬ್ಬರಿರಬೇಕಾದ ಕಡೆ ಅವಳೊಬ್ಬಳೇ. ಎಂಟು ಗಂಟೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದುದು ಪಂಪು ಒಂದೇ. ಡಗ್, ಡಗ್. ಡಗ್, ಡಗ್.

ಇವತ್ತು ಮಾತ್ರ ಫಿಟ್ಟರ್ ಎದುರಿಗೆ ಬಂದು ನಿಂತ. ಕೂರಲಿಲ್ಲ.

"ಅಕ್ಕಾ, ಸೈನ್ ಹಾಕಿ ಸಾಯ್ಬಾರ್ದಾ? ಲೈನ್ ನಿಂತ್ರೆ ನಮಗೆಲ್ಲ ಅರ್ಧ ಸಂಬಳ. ಎಲ್ರೂ ನಿನ್ನೇ ಬೈತಿದಾರೆ."

"ಪೊರೆ ಹರಿದ್ರೆ ಅದರ ಮುಂದೆ ನೀನು ನಿಂತಿರ್ತೀಯೇನೋ?"

"ಹರಿದಾಗ ನೋಡ್ಕೊಳ್ಳೋಣ ಬಿಡಕ್ಕ."

"ನೋಡೋದಕ್ಕೆ ಕಣ್ಣಿರಬೇಕಲ್ಲಪ್ಪ."

ಫಿಟ್ಟರ್ ತಲೆ ಕೆರೆದುಕೊಂಡು ಹೋದ.

ಮನೆಯಲ್ಲಿ ಗಂಡ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ. ಅವಳ ಹೆಜ್ಜೆ ಗೇಟಿಗೆ ಬಂದಾಗಲೇ ಮುಖ ಆ ಕಡೆ ತಿರುಗುತ್ತಿತ್ತು. ಮಾತು ಮಾತ್ರ ಕಣ್ಣಿನ ಜೊತೆಗೇ ಹೋಗಿತ್ತು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅವಳು ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಅವನ ಪಕ್ಕ ನೆಲಕ್ಕೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಗಂಡನನ್ನೇ ಕೇಳು ಅಂದ ಮಾತೊಂದು ಬಿಟ್ಟು.

"ಏನಂತ ಬರೆದಿದೆ ಕಾಗದದಲ್ಲಿ?"

"ಅದೇ. ಪಂಪು ನಡೆಸೋರು ನೋಡಿ, ಪರೀಕ್ಷೆ ಮಾಡಿ, ಸರಿ ಇದೆ ಅಂತ ಒಪ್ಪಿದಾರೆ."

ಅವನು ನಕ್ಕ. ಆ ನಗುವಿಗೆ ಸದ್ದಿರಲಿಲ್ಲ. ಅವನೂ ಅಂಥದೇ ಕಾಗದಕ್ಕೆ ಸೈನ್ ಹಾಕಿದ್ದ. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿದ್ದಾಗ ವಿಚಾರಣೆಗೆ ಬಂದವರು ಅದನ್ನೇ ಹಾಸಿಗೆಯ ಮೇಲೆ ಬಿಚ್ಚಿ, ಪಂಪು ಸರಿ ಇದೆ ಎಂದು ಒಪ್ಪಿದವನು ನೀನೇ ಅಲ್ಲವೇನಪ್ಪ ಎಂದಿದ್ದರು. ಕಣ್ಣು ಕಾಣದವನಿಗೆ ಕಾಗದ ತೋರಿಸಿದ್ದರು.

ಇಂಥ ಪಂಪಿಗೆ ಮೋಟಾರಿಲ್ಲ, ಒತ್ತಿದ ಗಾಳಿಯಿಂದಲೇ ನಡೆಯುತ್ತದೆ. ಒಳಗೆ ತಟ್ಟೆಯಗಲದ ಎರಡು ಪೊರೆಗಳು. ಪೊರೆಯ ಈಚೆ ಗಾಳಿ, ಆಚೆ ಆಸಿಡ್. ಗಾಳಿ ಒಂದೊಂದೇ ಪೊರೆಯನ್ನು ದೂಡಿ, ಕೆಲಸ ಮುಗಿದೊಡನೆ ಪಕ್ಕದ ಬಾಯಿಂದ ಹೊರಗೆ ಹೋಗುತ್ತದೆ. ಪೊರೆ ಹರಿದ ದಿನ ಅದೇ ಬಾಯಿಂದ ಗಾಳಿಯ ಜೊತೆ ಆಸಿಡ್ಡೂ ಬರುತ್ತದೆ.

"ಉಸಿರು ಎಲ್ಲಿ ಬಿಡುತ್ತೆ?" ಗಂಡ ಕೇಳಿದ.

"ಏನು?"

"ಪಂಪು. ಹೊಸದು. ಉಸಿರು ಯಾವ ಕಡೆ ಬಿಡುತ್ತೆ? ಅವತ್ತು ನನ್ನ ಮುಖದ ಕಡೆ ಇತ್ತು."

ಅಷ್ಟು ಹೇಳಿ ಅವನು ಮತ್ತೆ ಗೇಟಿನ ಕಡೆ ತಿರುಗಿಕೊಂಡ, ಇನ್ನೂ ಯಾರೋ ಬರುವವರಿದ್ದಾರೆ ಎಂಬಂತೆ.

ಬೆಳಿಗ್ಗೆ ಪಂಪಕ್ಕ ಸಾಹೇಬನ ಬಾಗಿಲಲ್ಲಿ ನಿಂತಳು. "ನೋಡಿ, ಪರೀಕ್ಷೆ ಮಾಡಿ ಅಂತ ಬರೆದಿದೆಯಲ್ಲ ಸಾರ್. ಪಂಪು ಕೂರಿಸ್ತೀನಿ. ಒಂದು ಪಾಳಿ ಓಡ್ಲಿ. ಸರಿ ಇದ್ರೆ ಸೈನ್ ಹಾಕ್ತೀನಿ."

"ಈಗ ದಾರಿಗೆ ಬಂದೆ," ಎಂದು ಸಾಹೇಬ ಮೀಟಿಂಗಿಗೆ ಎದ್ದು ಹೋದ.

ಶೆಡ್ಡಿಗೂ ಸಾಹೇಬನ ಕೋಣೆಗೂ ನಡುವೆ ಇರುವುದು ಒಂದೇ ಗೋಡೆ. ಗೋಡೆಯ ಮೇಲ್ಭಾಗದಲ್ಲಿ ಮುರಿದ ಫ್ಯಾನಿನ ಗುಂಡನೆಯ ಕಂಡಿ. ಫಿಟ್ಟರ್ ಪಂಪಿನ ಬೋಲ್ಟುಗಳನ್ನೆಲ್ಲ ಬಿಗಿದು ಕೈ ಒರೆಸಿಕೊಳ್ಳುವಾಗ ಪಂಪಕ್ಕ ಒಂದು ದಪ್ಪ ಹೋಸ್ ಪೈಪನ್ನು ಎಳೆದು ತಂದು, ಪಂಪಿನ ಗಾಳಿಬಾಯಿಗೆ ಸಿಕ್ಕಿಸಿ ಕ್ಲಿಪ್ಪು ಹಾಕಿದಳು. ಏಣಿ ಹತ್ತಿ ಇನ್ನೊಂದು ತುದಿಯನ್ನು ಕಂಡಿಯಲ್ಲಿ ತೂರಿಸಿದಳು.

"ಅಕ್ಕಾ, ಏನ್ ಮಾಡ್ತಿದೀಯಾ ನೀನು?"

ಅವಳು ಪಂಪಿನ ಜೊತೆ ಬಂದ ಪುಸ್ತಕ ತೆರೆದಳು. ಅದರ ಚಿತ್ರದಲ್ಲಿ ಗಾಳಿಬಾಯಿಂದ ಹೊರಟ ಪೈಪು ಗೋಡೆ ದಾಟಿ ಹೋಗಿತ್ತು. "ನೋಡು. ಅಪಾಯದ ದ್ರವ ಇದ್ರೆ, ಕೆಲಸ ಮಾಡೋರು ಇಲ್ಲದ ಕಡೆಗೆ ಈ ಗಾಳೀನ ಒಯ್ಯಬೇಕು ಅಂತ ಬರೆದಿದಾರೆ. ಆ ರೂಮಲ್ಲಿ ಕೆಲಸ ಮಾಡೋನು ಯಾವನಿದಾನೆ ಹೇಳು?"

ಫಿಟ್ಟರ್ ನಗಲು ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿಕೊಂಡ. ಸ್ಪ್ಯಾನರು ಎತ್ತಿಕೊಂಡು, "ನಾನು ಊಟಕ್ಕೆ ಹೋಗಿದ್ದೆ. ನಾನೇನೂ ನೋಡಿಲ್ಲ" ಎಂದು ನಡೆದ.

ಅವಳು ಆಚೆಯ ಖಾಲಿ ಕೋಣೆಗೆ ಹೋಗಿ ಜೋತಾಡುತ್ತಿದ್ದ ಪೈಪನ್ನು ಇಳಿಸಿ, ಮೇಜಿನ ಕಾಲಿಗೆ ತಂತಿಯಿಂದ ಕಟ್ಟಿದಳು. ಬಾಯಿ ಕುರ್ಚಿಯ ಕಡೆ ಮೇಲ್ಮುಖವಾಗಿತ್ತು, ಕೂತವನ ಎದೆಗೆ ನೇರವಾಗಿ. ಮತ್ತೆ ಶೆಡ್ಡಿಗೆ ಬಂದು ಗಾಳಿಯ ವಾಲ್ವು ತಿರುಗಿಸಿದಳು. ಡಗ್, ಡಗ್. ತೊಟ್ಟಿಯಿಂದ ಆಸಿಡ್ ಏರಿತು. ಲೈನು ನಡೆಯಿತು. ದೂರದಲ್ಲೆಲ್ಲೋ ಯಾರೋ ಸಿಳ್ಳೆ ಹಾಕಿದರು.

ಸಾಹೇಬ ಮೀಟಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತ. ಅಂಗಿಯ ಮೇಲೆ ಭುಸ್ ಎಂದು ಗಾಳಿ ಹೊಡೆಯಿತು. ಬಗ್ಗಿ ನೋಡಿದ. ಇನ್ನೊಮ್ಮೆ ಭುಸ್.

"ಯಾವ ಬೋಳಿಮಗ ಕಟ್ಟಿದ್ದು ಇದನ್ನ?"

"ನಾನೇ ಸಾರ್." ಪಂಪಕ್ಕ ಬಾಗಿಲಲ್ಲಿದ್ದಳು. ಒಳಗೆ ಬಂದು ಒಪ್ಪಿಗೆ ಕಾಗದವನ್ನು ಅವನ ಮುಂದಿಟ್ಟು, ಹಾರಿಹೋಗದಂತೆ ಬಾಟಲಿಯನ್ನು ಮೇಲಿಟ್ಟಳು. ಕಪ್ಪು ಗಸಿ ಒಮ್ಮೆ ಎದ್ದು ಮತ್ತೆ ತಳಕ್ಕಿಳಿಯಿತು. "ಬರೋದು ಬರೀ ಗಾಳಿ. ಪೊರೆ ಗಟ್ಟಿ ಅಂದ್ರಲ್ಲ ನೀವು. ಪಾಳಿ ಮುಗಿಯೋವರೆಗೆ ಇಲ್ಲೇ ಕೂತಿರಿ, ನಾನು ಸೈನ್ ಹಾಕ್ತೀನಿ. ಪೆನ್ನು ತಂದಿದೀನಿ."

"ಹುಚ್ಚು ಹಿಡಿದಿದೆಯೇನೇ? ತೆಗಿ! ಪಂಪು ನಿಲ್ಸು!"

"ನನ್ನ ಗಂಡ ಹನ್ನೊಂದು ತಿಂಗಳು ಇಂಥ ಗಾಳಿ ಮುಂದೇ ನಿಂತಿದ್ದ ಸಾರ್. ನಿಮಗೆ ಎಂಟು ಗಂಟೆ."

ಭುಸ್. ಕುರ್ಚಿ ಹಿಂದಕ್ಕೆ ಉರುಳಿತು. ಸಾಹೇಬ ಎರಡೂ ಅಂಗೈ ಮುಖಕ್ಕೆ ಅಡ್ಡ ಹಿಡಿದುಕೊಂಡು ಗೋಡೆಗುಂಟ ಸರಿದು, ಅವಳನ್ನು ಬಳಸಿ, ಬಾಗಿಲಾಚೆ ಓಡಿದ. ಸೆಕ್ಯೂರಿಟಿಯವನನ್ನು ಕೂಗುವುದು ಕಾರಿಡಾರಿನಲ್ಲಿ ಕೇಳಿಸಿತು.

ಅವಳು ಶೆಡ್ಡಿಗೆ ಮರಳಿದಳು. ವಾಲ್ವಿನ ಮೇಲೆ ಕೈಯಿಟ್ಟಳು. ಮುಚ್ಚಲಿಲ್ಲ. ಹೊರಗೆ ಬೂಟುಗಳು ಓಡಿ ಬರುತ್ತಿದ್ದವು, ಮೂರೋ ನಾಲ್ಕೋ ಜೊತೆ. ಅವುಗಳಲ್ಲಿ ಒಂದೂ ಅವಳ ಪರವಾಗಿ ಬರುವುದಲ್ಲವೆಂದು ಅವಳಿಗೆ ಗೊತ್ತಿತ್ತು. ಗೋಡೆಯಾಚೆ, ಉರುಳಿಬಿದ್ದ ಕುರ್ಚಿಯ ಮೇಲೆ, ಪಂಪು ಉಸಿರು ಬಿಡುತ್ತಿತ್ತು. ಬಾಟಲಿಯ ಅಡಿಯಲ್ಲಿ ಸೈನಿಲ್ಲದ ಕಾಗದ ಪ್ರತಿ ಉಸಿರಿಗೂ ಅಂಚೆತ್ತಿ ಮತ್ತೆ ಮಲಗುತ್ತಿತ್ತು.