ನೂರಾ ಮೂವತ್ತೊಂದರಿಂದ ಮುಂದೆ

ಕಬನೂರಿನ ಪಾವರ್‌ಲೂಮುಗಳ ಸದ್ದು ಊಟದ ಹೊತ್ತಿಗೂ ನಿಲ್ಲುವುದಿಲ್ಲ. ಮಗ್ಗದ ಶೆಡ್ಡಿಗೆ ಹೊಂದಿಕೊಂಡ ತಪಾಸಣೆಯ ಕೋಣೆಯಲ್ಲಿ, ಆ ಶನಿವಾರ ಮಧ್ಯಾಹ್ನ, ಪ್ರಣಾಲಿ ಡಬ್ಬಿ ಬಿಚ್ಚದೆ ಕೂತಿದ್ದಳು. ನೇಯ್ದ ಬಟ್ಟೆಯ ಸುರುಳಿ, ಅಂದರೆ ತಾಗಾ, ಹಾಸಿ ತಪ್ಪು ಹುಡುಕುವ ಉದ್ದನೆಯ ಮೇಜಿನ ಮೇಲೆ ಇವತ್ತು ಎರಡೇ ಎರಡು ಕಾಗದ. ಒಂದು, ತಂಗಿ ರುತುಜಾ ಮೇ ತಿಂಗಳಲ್ಲಿ ಬರೆದ ನೀಟ್ ಪರೀಕ್ಷೆಯ ಉತ್ತರದ ಹಾಳೆಯ ನಕಲು. ಇನ್ನೊಂದು, ಸರಿ ಉತ್ತರಗಳ ಪಟ್ಟಿ. ಬೆಳಿಗ್ಗೆ ಕೆಲಸಕ್ಕೆ ಬರುವಾಗ ಝೆರಾಕ್ಸ್ ಅಂಗಡಿಯಲ್ಲಿ ತೆಗೆಸಿಕೊಂಡು, ಯಾರಿಗೂ ಹೇಳದೆ ಸೆರಗಿನೊಳಗೆ ಇಟ್ಟುಕೊಂಡು ಬಂದಿದ್ದಳು.

"ಏನವಾ ಅದು? ಲಗ್ನದ ಯಾದಿ ಏನು?" ಎದುರಿನ ಮೇಜಿನ ಮಾಯವ್ವ ಜೋಳದ ಭಕ್ರಿ ಮುರಿಯುತ್ತ ಕೇಳಿದಳು. ಪ್ರಣಾಲಿಗೆ ಈ ಕೆಲಸ ಕಲಿಸಿದವಳೇ ಮಾಯವ್ವ.

"ರುತುಜಾನ ಪೇಪರ್ ರೀ."

"ಎಂಟನೇತ್ತಾಕ್ಕ ಸಾಲಿ ಬಿಟ್ಟಾಕಿ ಡಾಕ್ಟರ್‌ಕಿ ಪೇಪರ್ ತಪಾಸಾಕತ್ತಿ! ನಾಳೆ ಸೂಜಿ ಚುಚ್ಚೂದೂ ನೀನs ಏನು?"

ಪ್ರಣಾಲಿ ನಕ್ಕು ತಲೆ ಬಗ್ಗಿಸಿದಳು. ಪ್ರಶ್ನೆ ತಿಳಿಯುವ ಅಗತ್ಯವೇನಿತ್ತು? ನೂರಾ ಎಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಗೋಲ. ಯಾವ ಗೋಲ ಕಪ್ಪಾಗಿದೆ, ಯಾವುದು ಆಗಬೇಕಿತ್ತು, ಇಷ್ಟೇ. ತಪ್ಪಿದ್ದಕ್ಕೆ ಪೆನ್ಸಿಲ್ಲಿನಿಂದ ಒಂದು ಗೀಟು.

ಸೋಮವಾರ ಗಡಹಿಂಗ್ಲಜಕ್ಕೆ ಹೋಗುವುದೆಂದು ಅಪ್ಪ ಬಾಪೂಸಾಹೇಬ ಹೇಳಿಬಿಟ್ಟಿದ್ದ. ಅಲ್ಲಿಯ ಗೆಳೆಯ ಆಬಾಸಾಹೇಬ ಒಂದು ಕಾಲೇಜಿನಲ್ಲಿ ಡಿ.ಫಾರ್ಮಸಿಯ ಸೀಟು ಹಿಡಿದಿಟ್ಟಿದ್ದ. ಸೋಮವಾರ ಸಂಜೆ ಐದರೊಳಗೆ ಕಾಗದಪತ್ರ ಕೊಡದಿದ್ದರೆ ಅದು ಬೇರೆಯವರಿಗೆ. ರುತುಜಾ ಮತ್ತೆ ನೀಟ್ ಬರೆಯುವಳೋ ಇಲ್ಲವೋ ಎಂಬುದು ಅಲ್ಲಿಗೆ ಮುಗಿಯುತ್ತಿತ್ತು. ರುತುಜಾಳೂ ಬೇಡವೆನ್ನಲಿಲ್ಲ. ನಾಲ್ಕನೇತ್ತೆಯಿಂದ ಡಾಕ್ಟರ್ ಡಾಕ್ಟರ್ ಎನ್ನುತ್ತಿದ್ದ ಹುಡುಗಿ, ನಾಲ್ಕುನೂರಾ ಮೂವತ್ತನಾಲ್ಕು ಅಂಕ ಬಂದ ದಿನದಿಂದ ಪರೀಕ್ಷೆಯ ಹೆಸರೆತ್ತಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಕೌದಿ ಒಟ್ಟಿದ್ದಳು. ಅದೇ ಪ್ರಣಾಲಿಗೆ ಸರಿ ಕಾಣಲಿಲ್ಲ. ಸೋತವರು ಅಳುತ್ತಾರೆ, ಇಲ್ಲ ಸಿಟ್ಟಾಗುತ್ತಾರೆ. ಬಚ್ಚಿಡುವವರು ಬೇರೆ.

ನೂರರವರೆಗೆ ಗೀಟುಗಳು ಅಲ್ಲೊಂದು ಇಲ್ಲೊಂದು. ನೂರಾ ಮೂವತ್ತರವರೆಗೆ ಎಣಿಸಿದರೆ ತಪ್ಪು ಹನ್ನೆರಡು, ಖಾಲಿ ಎಂಟು. ಅಲ್ಲಿಂದ ಮುಂದೆ ಪೆನ್ಸಿಲ್ ಎತ್ತಲು ಬಿಡುವೇ ಸಿಗಲಿಲ್ಲ. ಉಳಿದ ಐವತ್ತರಲ್ಲಿ ಮೂವತ್ತು ತಪ್ಪು, ಹನ್ನೊಂದು ಖಾಲಿ. ಪ್ರಣಾಲಿ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊದಲಿನ ಗೋಲಗಳು ಅಂಚಿಗೆ ಅಂಚು ಕೂಡಿಸಿ ತುಂಬಿದ್ದವು. ಕೊನೆಯವು ಅರ್ಧಂಬರ್ಧ. ಮಸಿ ಗೆರೆ ದಾಟಿ ಹೊರಗೆ ಹೋಗಿತ್ತು. ಬರೆದ ಕೈ ನಡುಗಿತ್ತು.

"ಮಾಯವ್ವಾ, ಒಂದು ತಾಗಾದಾಗ ಮುಕ್ಕಾಲು ಪಾಲು ಛಲೋ ಇದ್ದು, ಕಡೀಕ ಒಂದs ಕಡೆ ತಪ್ಪು ಬಿದ್ರ ಏನಂತಾರ್ರೀ?"

"ಇಷ್ಟು ವರ್ಷಾತು, ನನ್ನ ಕೇಳತಿ? ನೂಲು ಕೆಟ್ಟಿದ್ರ ತಾಗಾದ ತುಂಬೆಲ್ಲಾ ತಪ್ಪು ಇರತಾವು. ಒಂದs ಕಡೆ ಇದ್ರ ಅಲ್ಲಿ ಮಗ್ಗಕ್ಕ ಏನೋ ಆಗೇತಿ. ಜಾಬರನ್ನ ಕರೀ."

ಆ ಶೆಡ್ಡಿನ ಮಗ್ಗ ರಿಪೇರಿ ಮಾಡುವ ಜಾಬರ್ ಅಂದರೆ ಅಪ್ಪನೇ. ಆದರೆ ಪ್ರಣಾಲಿ ಅವನನ್ನು ಕರೆಯಲಿಲ್ಲ. ಮೊದಲು ತಂಗಿಯನ್ನು ಕೇಳಬೇಕಿತ್ತು.

ಸಂಜೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿ, ಅವ್ವ ಅಲಕಾ ಬಸದಿಗೆ ಹೋದ ಮೇಲೆ, ಪ್ರಣಾಲಿ ಕೊಡದ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತಿದ್ದಳು. ರುತುಜಾ ಬಿಂದಿಗೆ ಬಗ್ಗಿಸುತ್ತಿದ್ದಳು.

"ನೂರಾ ಮೂವತ್ತೊಂದನೇ ಪ್ರಶ್ನೆಗೆ ಏನಾತು?"

ಬಿಂದಿಗೆ ನಿಂತಿತು. "ಯಾರು ಹೇಳಿದ್ರು ನಿನಗ?"

"ನಿನ್ನ ಹಾಳಿ ಹೇಳಿತು. ಕೈ ಯಾಕ ನಡಗಿತ್ತು?"

ರುತುಜಾ ಬಿಂದಿಗೆ ಕೆಳಗಿಟ್ಟಳು. "ಅವತ್ತು ಅಷ್ಟಮಿ ಇತ್ತು."

"ಇದ್ರ? ಅವ್ವ ನಿನಗ ಉಪವಾಸ ಬ್ಯಾಡ ಅಂದಿದ್ಲಲ್ಲ. ನಾನs ಡಬ್ಬಿ ಕಟ್ಟಿ ಕೊಟ್ಟಿದ್ದೆ. ಡಬ್ಬಿ ಖಾಲಿ ಬಂತು."

"ಸೆಂಟರ್ ಮುಂದ ಯಾರದೋ ಅವ್ವ ಬಿಸಲಾಗ ಕೂತಿದ್ಲು. ಅಕಿಗೆ ಕೊಟ್ಟೆ."

"ಯಾಕ?"

"ನೀ ಯಾಕ ಅವತ್ತ ನೀರು ಕುಡೀಲಿಲ್ಲ?" ರುತುಜಾ ತಟ್ಟನೆ ತಲೆಯೆತ್ತಿದಳು. "ದಿನಾ ನೀರು ಸೋಸಿ ಮೊದಲ ಒಂದ ತಂಬಿಗಿ ನೀನs ಕುಡೀತಿ. ಅವತ್ತ ಎಲ್ಲಾರಿಗೂ ಕೊಟ್ಟಿ, ನೀ ಕುಡೀಲಿಲ್ಲ. ನಿನಗಷ್ಟs ಕಣ್ಣ ಅದಾವೇನು? ನನ್ನ ಸಲುವಾಗಿ ನಿರ್ಜಲ ಹಿಡದಿದ್ದಿ. ನನ್ನ ಸಲುವಾಗಿ ಸಾಲಿ ಬಿಟ್ಟಿ, ನನ್ನ ಸಲುವಾಗಿ ಉಪವಾಸ. ಡಬ್ಬ್ಯಾಗಿನ ಥಾಲೀಪೀಟ ನನ್ನ ಗಂಟಲದಾಗ ಇಳೀತಿತ್ತೇನು?"

ಪ್ರಣಾಲಿ ಸೋಸುವ ಬಟ್ಟೆಯ ಗಂಟು ಬಿಚ್ಚಿದಳು. ಅವ್ವನ ಸೊಂಟದ ಆಪರೇಷನ್ ಆದ ವರ್ಷ ಅವಳು ಎಂಟನೇತ್ತೆ ಮುಗಿಸಿ ಮನೆಯಲ್ಲಿ ಕೂತಿದ್ದಳು. ಮೂರನೇತ್ತೆಯ ತಂಗಿಗೆ ಜಡೆ ಹೆಣೆದು ಸಾಲಿಗೆ ಬಿಟ್ಟು ಬರುವವರು ಬೇಕಿತ್ತು. ಅದನ್ನು ಅವಳು ಎಂದೂ ಬಾಯಿಬಿಟ್ಟು ಆಡಿರಲಿಲ್ಲ. ಪರೀಕ್ಷೆಯ ಭಾನುವಾರ ಉಪವಾಸ ಹಿಡಿದದ್ದನ್ನೂ ಆಡಿರಲಿಲ್ಲ. ಆಡದೆ ಇದ್ದರೆ ಯಾರಿಗೂ ಭಾರವಾಗುವುದಿಲ್ಲ ಎಂದುಕೊಂಡಿದ್ದಳು. ಮೇ ತಿಂಗಳ ಬಿಸಿಲು, ಕೊಲ್ಹಾಪುರದ ಸೆಂಟರಿನ ಮುಂದೆ ಹನ್ನೊಂದರಿಂದ ಸಾಲಿನಲ್ಲಿ ನಿಂತ ತಂಗಿ, ತೊಟ್ಟು ನೀರಿಲ್ಲ. ಸಂಜೆ ನಾಲ್ಕರ ಹೊತ್ತಿಗೆ ಅಕ್ಷರಗಳು ಕಣ್ಣ ಮುಂದೆ ಈಜಾಡತೊಡಗಿದ್ದವಂತೆ.

"ಅಪ್ಪಗ ಹೇಳೂಣು."

"ಬ್ಯಾಡ. ಅವ್ವಗ ತಿಳದ್ರ ತನ್ನ ಅಷ್ಟಮಿಯಿಂದನs ಹಿಂಗಾತು ಅಂತ ಕೊರಗತಾಳ. ಗಡಹಿಂಗ್ಲಜಕ್ಕ ಹೋಗತೇನಿ. ಮುಗೀತು."

ಸೋಮವಾರ ನಿಪ್ಪಾಣಿ ಕಡೆಯ ಬಸ್ಸು ತಪ್ಪಿತು. ಮುರಗೂಡದ ಮೇಲೆ ಹಾದು ಹೋಗುವುದೆಂದಾಯಿತು. ಅಕ್ಕ ಬರದೆ ತಾನು ಹೊರಡುವುದಿಲ್ಲ ಎಂದು ರುತುಜಾ ಹಟ ಹಿಡಿದಿದ್ದರಿಂದ ಪ್ರಣಾಲಿ ಒಂದು ದಿನದ ರಜೆ ಹಾಕಿದ್ದಳು. ಹೊರಡುವ ಮುಂಚೆ ಕೌದಿಗಳನ್ನು ಎತ್ತಿ, ಟ್ರಂಕಿನ ತಳದ ಪ್ರಶ್ನೆಪತ್ರಿಕೆಯನ್ನು ತನ್ನ ಚೀಲಕ್ಕೆ ಸೇರಿಸಿದ್ದಳು.

ಮುರಗೂಡದ ಸ್ಟ್ಯಾಂಡಿನಲ್ಲಿ ಇಳಿದಾಗ ಹನ್ನೊಂದೂಕಾಲು. ಗಡಹಿಂಗ್ಲಜದ ಬಸ್ಸು ಇನ್ನೊಂದು ತಾಸಿಗೆ. ಜಿಟಿಜಿಟಿ ಮಳೆ. ಬಾಪೂಸಾಹೇಬ ಖಾರ ಚುರುಮುರಿಯ ಭಡಂಗದ ಪೊಟ್ಟಣ ತಂದು ಇಬ್ಬರ ನಡುವೆ ಇಟ್ಟ. ರುತುಜಾ ಮುಟ್ಟಲಿಲ್ಲ.

ಪ್ರಣಾಲಿ ಚೀಲ ಬಿಚ್ಚಿದಳು. ಅಪ್ಪನ ಎದುರು ಅವಳು ಎಂದೂ ನಾಲ್ಕು ಮಾತು ಕೂಡಿಸಿ ಆಡಿದವಳಲ್ಲ. ಗೀಟು ಹಾಕಿದ ಹಾಳೆಯನ್ನು ತೆಗೆದು ಅವನ ತೊಡೆಯ ಮೇಲೆ ಹಾಸಿಬಿಟ್ಟಳು.

"ಅಪ್ಪಾ, ಇದು ತಾಗಾ ಅಂತ ತಿಳೀರಿ. ಜಾಬರ್ ನೀವು. ಎಲ್ಲಿ ಕೆಟ್ಟೇತಿ ಹೇಳ್ರಿ."

"ಅಕ್ಕಾ!" ಎಂದಳು ರುತುಜಾ.

"ನೀ ಸುಮ್ಮಿರು. ನಾ ಇಷ್ಟು ವರ್ಷ ಸುಮ್ಮಿದ್ದದ್ದು ಸಾಕು."

ಬಾಪೂಸಾಹೇಬ ಚಷ್ಮಾ ಏರಿಸಿ ನೋಡಿದ. ಎಣ್ಣೆ ಮೆತ್ತಿದ ಬೆರಳು ಗೀಟುಗಳ ಮೇಲೆ ನಿಧಾನವಾಗಿ ಇಳಿದು, ನೂರಾ ಮೂವತ್ತೊಂದರ ಹತ್ತಿರ ತಾನಾಗಿಯೇ ನಿಂತಿತು. "ಇಲ್ಲಿ. ಇಲ್ಲೇನೋ ಬಡದೈತಿ."

ಪ್ರಣಾಲಿ ಎಲ್ಲವನ್ನೂ ಹೇಳಿದಳು. ತನ್ನ ತಂಬಿಗೆ ನೀರನ್ನೂ, ತಂಗಿಯ ಡಬ್ಬಿಯನ್ನೂ. ಬಾಪೂಸಾಹೇಬ ಕೇಳಿ ಮುಗಿಸಿ ಗದರಿದ. "ಉಪಾಸ ಮಾಡಿದ್ರ ಯಾರರ ಸಾಯತಾರೇನು? ನಿಮ್ಮ ಆಯಿ, ನಮ್ಮವ್ವ, ಪರ್ಯೂಷಣದಾಗ ಹತ್ತ ದಿನಾ ಮಾಡತಿದ್ಲು. ಹತ್ತನೇ ದಿನಾನೂ ನಾಂದಣಿ ಮಠದತನಾ ನಡಕೊಂತ ಹೋಗತಿದ್ಲು."

"ಆಯಿ ನೂರಾ ಎಂಬತ್ತು ಗೋಲ ತುಂಬಲಿಲ್ಲರಿ ಅಪ್ಪಾ."

ಪಕ್ಕದ ಬಾಕಿನ ಮುದುಕನೊಬ್ಬ ಕಿಸಕ್ಕೆಂದ. ಬಾಪೂಸಾಹೇಬನ ಮೀಸೆಯೂ ಅಲುಗಿತು. ಆದರೆ ಮಾತು ಮೆತ್ತಗಾಗಲಿಲ್ಲ. "ಇರಲಿ. ಆಬಾಗ ಮಾತು ಕೊಟ್ಟೇನಿ. ಸೀಟ್ ಕೈಯಾಗ ಐತಿ. ಮುಂದಿನ ವರ್ಷ ಹೊಟ್ಟಿತುಂಬ ಉಂಡು ಬರದ್ರ ಡಾಕ್ಟರ್‌ಕಿ ಸೀಟ್ ಸಿಗತೈತಿ ಅಂತ ಏನು ಖಾತ್ರಿ?" ಅವನು ಕಿರಿಯವಳ ಕಡೆ ತಿರುಗಿದ. "ನಿನ್ನ ಬಾಯಿಲೆ ಹೇಳು. ನಿನಗ ಏನ ಬೇಕು?"

ರುತುಜಾ ಕಣ್ಣೊರೆಸಿಕೊಂಡಳು. "ಅಂಜಿಕಿ ಬರತೈತ್ರಿ. ಈಗರ ಉಪಾಸದಿಂದ ಹಿಂಗಾತು ಅಂತ ನನಗ ನಾನು ಹೇಳಕೊಂತೇನಿ. ಉಂಡು, ನೀರು ಕುಡದು, ಪೂರಾ ಶಾಣ್ಯಾಕಿ ಆಗಿ ಬರದೂ ಆಗಲಿಲ್ಲಂದ್ರ? ಆಮ್ಯಾಲ ಏನ ಹೇಳಕೊಳ್ಳಲಿ?"

ಟ್ರಂಕಿನ ತಳದಲ್ಲಿ ಬಚ್ಚಿಟ್ಟದ್ದು ಪತ್ರಿಕೆಯನ್ನಲ್ಲ, ಈ ಅಂಜಿಕೆಯನ್ನು ಎಂದು ಪ್ರಣಾಲಿಗೆ ಆಗ ಹೊಳೆಯಿತು.

"ಆಗಲಿಲ್ಲಂದ್ರ ನೂಲs ಅಷ್ಟರದ್ದು ಅಂತ ಗೊತ್ತಾಗತೈತಿ," ಎಂದಳು. "ಗೊತ್ತಾಗಲಿ. ಗೊತ್ತಾದ ಮ್ಯಾಲ ಗಡಹಿಂಗ್ಲಜಕ್ಕ ನಾನs ಬಂದು ಬಿಟ್ಟು ಹೋಗತೇನಿ. ಆದ್ರ ಮಗ್ಗದ ತಪ್ಪಿಗೆ ನೂಲು ಒಗಿಯೂದು ನನ್ನ ಕಣ್ಣಿಗೆ ಆಗೂದಿಲ್ಲ."

ಚೀಲದಿಂದ ಪ್ರಶ್ನೆಪತ್ರಿಕೆ ತೆಗೆದಳು. ನೂರಾ ಮೂವತ್ತೊಂದರ ಪುಟ ಮಡಿಸಿ, ಪೆನ್ನಿನ ಸಮೇತ ತಂಗಿಯ ಕೈಗೆ ಕೊಟ್ಟಳು. "ಐವತ್ತು ಪ್ರಶ್ನೆ. ಬಸ್ಸಿಗೆ ಇನ್ನ ಐವತ್ತು ಮಿನಿಟ ಐತಿ. ಇವನ್ನ ಈಗ ಬರೀ."

"ಇಲ್ಲಿ? ಸ್ಟ್ಯಾಂಡಿನಾಗ?"

"ಮೊದಲ ಇದನ್ನ ತಿನ್ನು." ಪ್ರಣಾಲಿ ಭಡಂಗದ ಪೊಟ್ಟಣ ಬಿಚ್ಚಿ ಮೊದಲ ಮುಕ್ಕು ತಾನೇ ಬಾಯಿಗೆ ಹಾಕಿಕೊಂಡಳು. ಬಾಟಲಿ ಎತ್ತಿ, ತಂಗಿ ನೋಡುವ ಹಾಗೆ ಗಟಗಟನೆ ನೀರು ಕುಡಿದಳು. "ನೋಡು, ಕುಡದೇನಿ. ಮುಂದಿನ ಮೇದಾಗೂ ನಿನ್ನ ಮುಂದನs ಕುಡಿಯಾಕಿ. ಅಷ್ಟಮಿ ಇರಲಿ, ಚತುರ್ದಶಿ ಇರಲಿ."

ರುತುಜಾ ಅತ್ತುಕೊಂಡೇ ನಕ್ಕಳು. ಮೂರು ಮುಕ್ಕು ತಿಂದು, ನೀರು ಕುಡಿದು, ಸೀಟಿಗಾಗಿ ತಂದ ಕಾಗದಪತ್ರಗಳ ಫೈಲನ್ನು ಮಂಡಿಯ ಮೇಲಿಟ್ಟು, ಅದರ ಮೇಲೆ ಪತ್ರಿಕೆ ಹರವಿಕೊಂಡಳು.

ಮಗ್ಗ ರಿಪೇರಿ ಮಾಡಿ ಚಾಲೂ ಮಾಡಿದ ಮೇಲೆ ನಾಲ್ಕು ಬೊಟ್ಟು ಬಟ್ಟೆ ಇಳಿಯುವತನಕ ನಿಂತು ನೋಡುವುದು ಬಾಪೂಸಾಹೇಬನ ರೂಢಿ. ಹಾಗೆಯೇ ಕೈಕಟ್ಟಿ ಕೂತ. ಮೊದಮೊದಲು ರುತುಜಾಳ ಪೆನ್ನು ಪ್ರತಿ ಪ್ರಶ್ನೆಗೂ ತಡೆಯುತ್ತಿತ್ತು. ಕುರುಚಲು ಹುಲ್ಲಿನ ಮೇಲೆ ಹನಿ ಬೀಳುವ ಹಾಗೆ ಬಿಟ್ಟುಬಿಟ್ಟು ಬರೆದಳು. ಹತ್ತು ದಾಟಿದ ಮೇಲೆ ಬೆನ್ನು ನೆಟ್ಟಗಾಯಿತು. ಇಪ್ಪತ್ತರ ಹೊತ್ತಿಗೆ ತುಟಿ ಕಚ್ಚಿಕೊಂಡಿದ್ದಳು. ಮೂರನೇತ್ತೆಯಲ್ಲಿ ಲೆಕ್ಕ ಬಿಡಿಸುವಾಗಲೂ ಹೀಗೇ ಕಚ್ಚಿಕೊಳ್ಳುತ್ತಿದ್ದಳು. ಪ್ರಣಾಲಿ ಅವಳ ಕೈ ನೋಡುತ್ತಿದ್ದಳು. ಕೈ ನಡುಗುತ್ತಿರಲಿಲ್ಲ.

ಬಸ್ಸು ಹತ್ತು ಮಿನಿಟು ಮುಂಚೆಯೇ ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು, "ಗಡಹಿಂಗ್ಲಜ, ಗಡಹಿಂಗ್ಲಜ, ಚಲಾ ಲವಕರ!" ಎಂದು ಅವಸರಪಡಿಸಿ ಕೂಗಿದ. ಜನ ಕೊಡೆ ಮುಚ್ಚಿ ಏರತೊಡಗಿದರು. ಬಾಪೂಸಾಹೇಬ ಎದ್ದು ನಿಂತ.

"ರುತುಜಾ, ಬಸ್ ಬಂತು."

"ಎಂಟು ಉಳದಾವ್ರಿ ಅಪ್ಪಾ." ಅವಳು ತಲೆ ಎತ್ತಲಿಲ್ಲ.

"ಬಸ್ ನಿಲ್ಲೂದಿಲ್ಲ ಮಗಳs."

"ಹೋಗಲಿ ಬಿಡ್ರಿ."

ಕಂಡಕ್ಟರ್ ಅವರ ಕಡೆ ನೋಡಿ ಕೈ ಮಾಡಿದ. ಬಾಪೂಸಾಹೇಬ ಮಗಳ ಬಗ್ಗಿದ ತಲೆಯನ್ನೂ ಓಡುತ್ತಿದ್ದ ಪೆನ್ನನ್ನೂ ನೋಡಿದ. ಆಮೇಲೆ ಕಂಡಕ್ಟರನಿಗೆ ಬೇಡವೆಂಬಂತೆ ಕೈಯಾಡಿಸಿ, ಜೇಬಿನಿಂದ ಫೋನ್ ತೆಗೆದು ಮಳೆಹನಿ ಬೀಳದ ಕಂಬದ ಮರೆಗೆ ಹೋದ. "ಆಬಾ, ಬಾಪೂ ಮಾತಾಡಾಕತ್ತೇನಿ. ಸಿಟ್ಟಾಗಬ್ಯಾಡ ಮಾರಾಯಾ..." ಎನ್ನುವುದು ಬಸ್ಸಿನ ಸದ್ದಿನಲ್ಲಿ ಅರ್ಧ ಕೇಳಿಸಿತು.

ಅವನು ತಿರುಗಿ ಬಂದಾಗ ರುತುಜಾ ಪೆನ್ನಿನ ಟೊಪ್ಪಿಗೆ ಹಾಕುತ್ತಿದ್ದಳು. ಪತ್ರಿಕೆಯನ್ನು ಅಕ್ಕನಿಗೆ ಕೊಟ್ಟಳು. "ತಪಾಸು. ಎಷ್ಟರ ಬರಲಿ, ನಾ ಮತ್ತ ಬರಿಯಾಕಿ."

"ಕೊಲ್ಹಾಪುರದ ಬಸ್ಸು ಆ ಕಡೆ ನಿಲ್ಲತೈತಿ," ಎಂದ ಬಾಪೂಸಾಹೇಬ, ಫೈಲನ್ನು ತನ್ನ ಕಂಕುಳಿಗೆ ಸಿಗಿಸಿಕೊಳ್ಳುತ್ತ. "ನೀಟ್ ಕ್ಲಾಸಿನವರನ್ನ ಇವತ್ತs ಕೇಳಿ ಬರೂಣು. ನಡೀರಿ."

ಪ್ರಣಾಲಿ ಪೆನ್ಸಿಲನ್ನೂ ಸರಿ ಉತ್ತರಗಳ ಪಟ್ಟಿಯನ್ನೂ ತೆಗೆದು, ನಡೆಯುತ್ತಲೇ ನೂರಾ ಮೂವತ್ತೊಂದರ ಉತ್ತರ ನೋಡಿದಳು. ಗೀಟು ಹಾಕುವ ಅಗತ್ಯ ಬೀಳಲಿಲ್ಲ. ನೂರಾ ಮೂವತ್ತೆರಡಕ್ಕೆ ಹಾಕಿದಳು. ನೂರಾ ಮೂವತ್ತಮೂರು ಸರಿಯಿತ್ತು.